ಬೆಳಗಿನ ಬಿಗಿತಕ್ಕೆ ಹಾಜರಿ ಪುಸ್ತಕದಲ್ಲಿ ಜಾಗವಿಲ್ಲ: ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರ ದುಡಿಮೆ

(ಈ ಕಾಯಿಲೆಯೊಡನೆ ದುಡಿಯುವವರ ಮತ್ತು ಇತರರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಎಂಟನೇ ಮಹಡಿ (ಬೆಂಗಳೂರು)

ನನಗೀಗ 34 ವರ್ಷ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ದೀರ್ಘಕಾಲದ ಉರಿಯೂತ, ಎಂಬ ಹೆಸರು ನನ್ನ ಚೀಟಿಯ ಮೇಲೆ ಬಿದ್ದು ಆರು ವರ್ಷವಾಯಿತು, ನೋವು ಶುರುವಾಗಿ ಹನ್ನೊಂದು ವರ್ಷವಾಯಿತು. ನಡುವಿನ ಐದು ವರ್ಷ ಹೇಗೆ ಕಳೆಯಿತೆಂದರೆ, ಡಿಸ್ಕ್ ಜರುಗಿದೆ ಎಂದು ಒಬ್ಬ ವೈದ್ಯರು ಹೇಳಿದರು, ಕಂಪ್ಯೂಟರ್ ಮುಂದೆ ಕೂರುವವರಿಗೆಲ್ಲ ಇದು ಇದ್ದದ್ದೇ ಎಂದು ಇನ್ನೊಬ್ಬರು ಹೇಳಿದರು, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ನಮ್ಮ ಸೋದರಮಾವ ಹೇಳಿದರು. ಕೊನೆಗೆ ಸಂಧಿವಾತ ತಜ್ಞರೊಬ್ಬರು ಎಂಆರ್‌ಐ ಮಾಡಿಸಿ, ಸೊಂಟದ ಹಿಂಭಾಗದ ಸೇಕ್ರೋಇಲಿಯಾಕ್ ಕೀಲುಗಳು ಉರಿಯೂತದಿಂದ ಬಾತಿರುವುದನ್ನು ತೋರಿಸಿದರು.

ಇಲ್ಲಿ ಕೇಳಬೇಕೆಂದಿರುವುದು ಔಷಧಿಯ ವಿಷಯವಲ್ಲ, ಕೆಲಸದ ವಿಷಯ. ನಮ್ಮ ತಂಡದ ದಿನದ ಸಭೆ ಬೆಳಿಗ್ಗೆ 9.30ಕ್ಕೆ. ಕೆಂಗೇರಿಯಿಂದ ಬೆಳ್ಳಂದೂರಿಗೆ ಆ ಹೊತ್ತಿಗೆ ಮುಟ್ಟಬೇಕಾದರೆ ಏಳೂವರೆಗೆ ಮನೆ ಬಿಡಬೇಕು. ನನ್ನ ಬೆನ್ನು ಮಾತ್ರ ನಾಲ್ಕು ಗಂಟೆಗೇ ನನ್ನನ್ನು ಎಬ್ಬಿಸಿರುತ್ತದೆ. ನೇರವಾಗಿ ಎದ್ದು ಕೂರಲಾಗದ ಕಾರಣ ಮೊದಲು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದ ಅಂಚಿನಿಂದ ಕೆಳಗಿಳಿಸಿ, ಮೊಣಕೈ ಊರಿ, ಗೋಡೆ ಹಿಡಿದು ಏಳುತ್ತೇನೆ. ಬಿಸಿನೀರನ್ನು ಬೆನ್ನಿನ ಮೇಲೆ ಹತ್ತು ನಿಮಿಷ ಹುಯ್ದುಕೊಂಡು, ಮನೆಯೊಳಗೆ ಅತ್ತಿತ್ತ ಅಡ್ಡಾಡಿದ ಮೇಲೆ ಸಾಕ್ಸ್ ಹಾಕುವಷ್ಟು ಬಗ್ಗಲು ಸಾಧ್ಯವಾಗುತ್ತದೆ. ಹತ್ತೂವರೆಯ ಹೊತ್ತಿಗೆ ನಾನು ಮನುಷ್ಯನಾಗುತ್ತೇನೆ. ಹನ್ನೊಂದಕ್ಕೆ ಮೆಟ್ಟಿಲು ಹತ್ತಿ ಬರುವ ನನ್ನನ್ನು ನೋಡಿದವರು, ಇವನಿಗೆ ಏನಾಗಿದೆ ಎಂದುಕೊಂಡರೆ ಅವರ ತಪ್ಪೇನೂ ಇಲ್ಲ.

ನಮ್ಮ ಮ್ಯಾನೇಜರ್ ಒಳ್ಳೆಯವರು. ವಿಷಯ ತಿಳಿದ ವಾರದಲ್ಲೇ ದುಬಾರಿ ಕುರ್ಚಿಯೊಂದನ್ನು ತರಿಸಿಕೊಟ್ಟು, ನೋವಾದಾಗ ರಜೆ ಹಾಕಿ ಮಲಗಿ ಎಂದರು. ನನ್ನ ಪಾಡೆಂದರೆ, ಆ ಕುರ್ಚಿಯಲ್ಲಿ ನಲವತ್ತು ನಿಮಿಷ ಕೂತರೆ ಮತ್ತೆ ಬೆನ್ನು ಸೆಟೆದುಕೊಳ್ಳುತ್ತದೆ, ದಿನವಿಡೀ ಮಲಗಿದರೆ ಮರುದಿನ ಏಳುವುದೇ ಕಷ್ಟ. ನನಗೆ ಬೇಕಾದದ್ದು ರಜೆಯಲ್ಲ. ಬೆಳಗಿನ ಎರಡು ಗಂಟೆ, ಮತ್ತು ಸಭೆಯ ನಡುವೆ ಎದ್ದು ಓಡಾಡಿದರೆ ಯಾರೂ ಹುಬ್ಬೇರಿಸದಿರುವುದು. ಇದನ್ನು ಕೃತಘ್ನನಂತೆ ಕಾಣಿಸಿಕೊಳ್ಳದೆ ಹೇಗೆ ಹೇಳುವುದು? ನಿಮ್ಮಲ್ಲಿ ಯಾರಾದರೂ ಹೇಳಿ ಗೆದ್ದಿದ್ದೀರಾ?

ಸೀಮೆಸುಣ್ಣ (ಹಾವೇರಿ ಜಿಲ್ಲೆ)

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನೀವು ಬರೆದ ನಾಲ್ಕು ಗಂಟೆಯ ಎಚ್ಚರ ನನಗೂ ಗೊತ್ತು. ನಮ್ಮ ಕಡೆ ಟೊಂಕ ಹಿಡಿದಿದೆ ಎನ್ನುತ್ತಾರೆ, ಉಳುಕು ತೆಗೆಯುವವರ ಬಳಿ ನಾನು ಮೂರು ಊರು ಸುತ್ತಿದ್ದೇನೆ. ಒಬ್ಬ ಅಜ್ಜ ನನ್ನನ್ನು ಬೋರಲು ಮಲಗಿಸಿ ಬೆನ್ನಿನ ಮೇಲೆ ಕಾಲಿಟ್ಟದ್ದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಶಿಕ್ಷಕ ವೃತ್ತಿ ಈ ಕಾಯಿಲೆಗೆ ಒಂದು ರೀತಿಯಲ್ಲಿ ಅನುಕೂಲವೇ. ತರಗತಿಯಲ್ಲಿ ನಿಲ್ಲುತ್ತೇನೆ, ತಿರುಗುತ್ತೇನೆ, ಎರಡು ಸಾಲು ಬೆಂಚುಗಳ ನಡುವೆ ನಡೆಯುತ್ತೇನೆ, ಯಾರೂ ಪ್ರಶ್ನಿಸುವುದಿಲ್ಲ. ಕಷ್ಟ ಇರುವುದು ಎರಡು ಕಡೆ. ಮೊದಲನೆಯದು ಬೆಳಗಿನ ಪ್ರಾರ್ಥನೆ. ನಾಡಗೀತೆ ಮುಗಿಯುವವರೆಗೆ ಒಂದೇ ಕಡೆ ಅಲುಗಾಡದೆ ನಿಲ್ಲುವುದು ಮೊದಲ ಅವಧಿಗಿಂತ ಭಾರವಾಗಿರುತ್ತದೆ. ಎರಡನೆಯದು ಪರೀಕ್ಷಾ ಮೌಲ್ಯಮಾಪನ ಮತ್ತು ಗಣತಿಯಂಥ ಕೆಲಸಗಳು. ಮೌಲ್ಯಮಾಪನ ಕೇಂದ್ರದ ಡೆಸ್ಕಿಗೆ ಬಾಗಿ ದಿನವಿಡೀ ಉತ್ತರಪತ್ರಿಕೆ ತಿದ್ದಿದ ವರ್ಷ, ಸಂಜೆ ಬಸ್ಸಿನ ಮೆಟ್ಟಿಲನ್ನು ಕೈಯಲ್ಲಿ ಕಾಲೆತ್ತಿಟ್ಟು ಹತ್ತಿದೆ.

ಕಪ್ಪುಹಲಗೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ನಾನು ಬರೆಯುವುದಿಲ್ಲ. ಹತ್ತನೇ ತರಗತಿಯ ಮಕ್ಕಳು ಇದನ್ನು ಗಮನಿಸಿ, ಮೇಲಿನ ಭಾಗ ತುಂಬಿದ ಕೂಡಲೇ ಒಬ್ಬರು ಬಂದು ಒರೆಸುತ್ತಾರೆ. ನಾನು ಕೇಳಿರಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರವಲ್ಲ ಇದು, ಆದರೂ ಬರೆಯಬೇಕೆನಿಸಿತು.

ಮುಖ್ಯೋಪಾಧ್ಯಾಯರಿಗೆ ಮಾತ್ರ ನಾನು ಕಾಯಿಲೆಯ ಹೆಸರನ್ನು ಹೇಳಲಿಲ್ಲ. ಮೊದಲ ಅವಧಿಯನ್ನು ಎರಡನೆಯದಕ್ಕೆ ಬದಲಿಸಿಕೊಳ್ಳಬಹುದೇ ಎಂದಷ್ಟೇ ಸಹೋದ್ಯೋಗಿಯೊಬ್ಬರನ್ನು ಕೇಳಿಕೊಂಡೆ, ಅವರು ಒಪ್ಪಿದರು. ಅವರು ವರ್ಗವಾಗಿ ಹೋದ ಜೂನ್‌ನಲ್ಲಿ ಮತ್ತೆ ಮೊದಲಿನಿಂದ ಶುರು.

ಹಿತ್ತಲ ಗಿಡ

ಎಲ್ಲರೂ ಕ್ಷಮಿಸಬೇಕು. ನಮ್ಮ ತಾತ ಎಪ್ಪತ್ತರವರೆಗೆ ಗದ್ದೆಯಲ್ಲಿ ದುಡಿದರು, ಅವರಿಗೂ ಬೆನ್ನುನೋವಿತ್ತು. ಗಟ್ಟಿ ಹಲಗೆಯ ಮೇಲೆ ಮಲಗಿ, ಎಣ್ಣೆ ತಿಕ್ಕಿಸಿಕೊಂಡು ಹದಿನೈದು ದಿನ ಪೂರ್ಣ ವಿಶ್ರಾಂತಿ ಪಡೆದರೆ ಯಾವ ಬೆನ್ನೂ ಸರಿಹೋಗುತ್ತದೆ. ಕೆಲಸದ ಒತ್ತಡ ಹೆಚ್ಚಾಗಿರುವುದೇ ಮೂಲ, ಸುಲಭದ ಕೆಲಸ ನೋಡಿಕೊಳ್ಳುವುದು ಒಳಿತು ಎಂದು ನನ್ನ ಅಭಿಪ್ರಾಯ.

ಅಳತೆಪಟ್ಟಿ (ಮೈಸೂರು)

ನಾನು ಫಿಸಿಯೋಥೆರಪಿಸ್ಟ್. ಮೇಲಿನ ಸಲಹೆಯಲ್ಲಿ ಕೆಟ್ಟ ಉದ್ದೇಶವಿಲ್ಲ, ಆದರೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಭಾರ ಎತ್ತಿ ಬಂದ ನೋವಿಗೆ ವಿಶ್ರಾಂತಿಯಿಂದ ಆರಾಮವಾಗುತ್ತದೆ. ಇಲ್ಲಿ ಹೇಳುತ್ತಿರುವುದು ಉರಿಯೂತದ ನೋವು, ಅದರ ಗುಣವೇ ತಿರುವುಮುರುವು: ಸುಮ್ಮನಿದ್ದರೆ ಹೆಚ್ಚುತ್ತದೆ, ಮೈ ಆಡಿಸಿದರೆ ತಗ್ಗುತ್ತದೆ, ರಾತ್ರಿಯ ಉತ್ತರಾರ್ಧದಲ್ಲಿ ಎಬ್ಬಿಸುತ್ತದೆ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಮೈಯನ್ನು ಪೆಡಸು ಮಾಡುತ್ತದೆ. ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತರ ವಯಸ್ಸಿನಲ್ಲಿ, ಅಂದರೆ ಮನುಷ್ಯ ಮೊದಲ ನೌಕರಿ ಹಿಡಿಯುವ ಹೊತ್ತಿಗೇ, ಸದ್ದಿಲ್ಲದೆ ಶುರುವಾಗುತ್ತದೆ. ಅಸ್ಥಿಬಂಧಗಳು ಮೂಳೆಗೆ ಅಂಟುವ ಜಾಗದಲ್ಲಿ ಉರಿಯೂತವಾಗಿ, ಅದು ಆರುವಾಗ ಕೆಲವರಲ್ಲಿ ಹೊಸ ಮೂಳೆ ಬೆಳೆದು, ವರ್ಷಗಳು ಕಳೆದಂತೆ ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಎಕ್ಸ್‌ರೇಯಲ್ಲಿ ಅದು ಗೆಣ್ಣುಗೆಣ್ಣಾದ ಬಿದಿರಿನಂತೆ ಕಾಣುವುದರಿಂದ ವೈದ್ಯರು ಬಿದಿರು ಬೆನ್ನು ಎನ್ನುತ್ತಾರೆ. ಎಲ್ಲರಲ್ಲೂ ಅಲ್ಲಿಯವರೆಗೆ ಹೋಗುವುದಿಲ್ಲ.

ನಾವು ಮಾಡುವ ಒಂದು ಸರಳ ಅಳತೆಯನ್ನು ಹೇಳುತ್ತೇನೆ. ನಿಂತಿರುವವರ ಸೊಂಟದ ಮಟ್ಟದಲ್ಲಿ ಒಂದು ಗುರುತು, ಅಲ್ಲಿಂದ 10 ಸೆಂಟಿಮೀಟರ್ ಮೇಲೆ ಇನ್ನೊಂದು ಗುರುತು ಹಾಕಿ, ಮುಂದೆ ಬಾಗಲು ಹೇಳುತ್ತೇವೆ. ಆರೋಗ್ಯವಂತರಲ್ಲಿ ಆ 10 ಸೆಂಟಿಮೀಟರ್ ಸುಮಾರು 15ಕ್ಕೆ ಹಿಗ್ಗುತ್ತದೆ. ನನ್ನ ಬಳಿ ಬರುವ ಯುವಕರೊಬ್ಬರಲ್ಲಿ ಅದು ಹನ್ನೊಂದೂವರೆಯನ್ನು ದಾಟುವುದಿಲ್ಲ. ಅವರದೇ ಅಳತೆಯನ್ನು ಬೆಳಿಗ್ಗೆ ಎಂಟಕ್ಕೊಮ್ಮೆ, ಮಧ್ಯಾಹ್ನಕ್ಕೊಮ್ಮೆ ತೆಗೆದರೆ ಬೇರೆ ಬೇರೆ ಬರುತ್ತದೆ. ಎಂಟನೇ ಮಹಡಿಯವರು ಹೇಳಿದ ಹತ್ತೂವರೆಯ ಮನುಷ್ಯ ಕಟ್ಟುಕತೆಯಲ್ಲ, ಟೇಪಿನಲ್ಲಿ ಅಳೆದು ತೋರಿಸಬಹುದಾದ ಸಂಗತಿ.

ಹಾಗಾಗಿ ಸುಲಭದ ಕೆಲಸ ಎಂದರೆ ಕುಳಿತು ಮಾಡುವ ಕೆಲಸ ಎಂದು ತಿಳಿಯಬೇಡಿ. ಮಾತ್ರೆ, ವ್ಯಾಯಾಮ, ಈಜು, ಬೀಡಿ ಸಿಗರೇಟು ಬಿಡುವುದು ಇವೆಲ್ಲ ಅವರವರ ವೈದ್ಯರು ಹೇಳಲಿ. ಬೆನ್ನನ್ನು ತುಳಿಸಿಕೊಳ್ಳುವುದನ್ನು ಮಾತ್ರ ಯಾರೂ ಮಾಡಬೇಡಿ. ಬೆಸೆದ ಬೆನ್ನು ನೋಡಲು ಗಟ್ಟಿ, ಆದರೆ ಸಣ್ಣ ಪೆಟ್ಟಿಗೂ ಮುರಿಯಬಲ್ಲದು.

ಗೇರು ಐದು

ಕೊನೆಯ ಸಾಲು ಓದಿ ಎದೆ ಧಸಕ್ಕೆಂದಿತು. ನಾನು ಬಸ್ ಚಾಲಕ, ಸರ್ಕಾರಿ ನಿಗಮವೊಂದರಲ್ಲಿ ಹದಿನಾಲ್ಕು ವರ್ಷದ ಸೇವೆ. ನಮ್ಮ ಮೊದಲ ಪಾಳಿ ಬೆಳಿಗ್ಗೆ ಐದಕ್ಕೆ ಡಿಪೋದಿಂದ ಹೊರಡುತ್ತದೆ. ಅಂದರೆ ನನ್ನ ಬೆನ್ನು ಅತ್ಯಂತ ಬಿಗಿಯಾಗಿರುವ ಹೊತ್ತಿನಲ್ಲಿ ಐವತ್ತು ಜನ ನನ್ನ ಹಿಂದೆ ಕೂತಿರುತ್ತಾರೆ. ಕುತ್ತಿಗೆ ಪೂರ್ತಿ ತಿರುಗದ ಕಾರಣ ಬಲಗಡೆಯ ಕನ್ನಡಿಯನ್ನು ನಾನು ನನಗೆ ಬೇಕಾದ ಹಾಗೆ ಹೊರಳಿಸಿಕೊಳ್ಳುತ್ತೇನೆ. ಹಿಂದಕ್ಕೆ ತೆಗೆಯುವಾಗ ನಿರ್ವಾಹಕರು ಇಳಿದು ಸೀಟಿ ಊದುವವರೆಗೆ ಕ್ಲಚ್ ಬಿಡುವುದಿಲ್ಲ. ಇದೆಲ್ಲ ನಿಯಮದಲ್ಲೇ ಇರುವುದರಿಂದ ಯಾರಿಗೂ ಅನುಮಾನ ಬಂದಿಲ್ಲ.

ಮಧ್ಯಾಹ್ನದ ಪಾಳಿ ಸಿಕ್ಕ ವಾರಗಳಲ್ಲಿ ನಾನು ಎಲ್ಲರಂತೆ ಓಡಿಸುತ್ತೇನೆ. ಹೇಳಿದರೆ ಎರಡನೇ ಪಾಳಿಯನ್ನೇ ಕೊಡಬಹುದು, ಇಲ್ಲವೇ ಚಾಲನೆಗೆ ಅನರ್ಹ ಎಂದು ಬರೆದು ಮನೆಗೆ ಕಳಿಸಬಹುದು. ಈ ಎರಡನೆಯದರ ಭಯಕ್ಕೆ ಮೂರು ವರ್ಷದಿಂದ ಬಾಯಿ ಬಿಟ್ಟಿಲ್ಲ. ಮಗಳು ಪಿಯುಸಿಯಲ್ಲಿದ್ದಾಳೆ. ಹಂಪ್ ಬಂದಾಗಲೆಲ್ಲ ಸೀಟಿನಿಂದ ಅರ್ಧ ಎದ್ದು ಹೊಡೆತವನ್ನು ಕಾಲಿಗೆ ತೆಗೆದುಕೊಳ್ಳುತ್ತೇನೆ.

ಬಾಬಿನ್ (ಪೀಣ್ಯ)

ಇದು ಗಂಡಸರ ಕಾಯಿಲೆ ಎಂದು ಮೊದಲು ನಂಬಿದ್ದರಂತೆ. ಆ ನಂಬಿಕೆಯಿಂದ ನನ್ನ ಏಳು ವರ್ಷ ಹೋಯಿತು. ಎರಡನೇ ಹೆರಿಗೆಯಾದ ಮೇಲೆ ನೋವು ಕಾಣಿಸಿದ್ದರಿಂದ, ಬಾಣಂತನ ಸರಿಯಾಗಲಿಲ್ಲ ಎಂದು ಅತ್ತೆಯೂ ಹೇಳಿದರು, ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಗುಟ್ಟು ಗೊತ್ತಾದದ್ದು ಕಣ್ಣಿನಿಂದ. ಒಂದು ಬೆಳಿಗ್ಗೆ ಎಡಗಣ್ಣು ಕೆಂಡದ ಹಾಗೆ ಕೆಂಪಾಗಿ, ಟ್ಯೂಬ್‌ಲೈಟ್ ನೋಡಿದರೆ ನೋವಾಗಿ, ಸೂಜಿಗೆ ದಾರ ಪೋಣಿಸಲು ಆಗದೆ ಹೋಯಿತು. ಕಣ್ಣಿನ ಆಸ್ಪತ್ರೆಯಲ್ಲಿ ವೈದ್ಯೆ ಹನಿ ಬಿಟ್ಟು, ಒಂದು ನಿಮಿಷ ಸುಮ್ಮನಿದ್ದು, ಬೆಳಿಗ್ಗೆ ಏಳುವಾಗ ಸೊಂಟ ಹಿಡಿಯುತ್ತದೆಯೇ ಎಂದು ಕೇಳಿದರು. ಕಣ್ಣು ತೋರಿಸಲು ಹೋದವಳಿಗೆ ಸೊಂಟದ ಪ್ರಶ್ನೆ ಕೇಳಿದಾಗ ನಗು ಬಂದಿತ್ತು. ಯುವಿಯೈಟಿಸ್ ಎಂಬ ಈ ಕಣ್ಣಿನ ಉರಿಯೂತ ನಮ್ಮ ಕಾಯಿಲೆಯವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಯಾವಾಗಲಾದರೂ ಒಮ್ಮೆ ಬರುತ್ತದೆ ಎಂದು ಆಮೇಲೆ ತಿಳಿಯಿತು. ಈ ಕಾಯಿಲೆಯ ನಂಟಿರುವ ವಂಶವಾಹಿ ಗುರುತನ್ನು ರಕ್ತದಲ್ಲಿ ಹುಡುಕುವ ಎಚ್‌ಎಲ್‌ಎ-ಬಿ27 ಪರೀಕ್ಷೆಯೂ ಪಾಸಿಟಿವ್ ಬಂತು. ಮಕ್ಕಳಿಗೂ ಬರುತ್ತದೆಯೇ ಎಂದು ಅತ್ತೆ. ಆ ಗುರುತು ರಕ್ತದಲ್ಲಿದ್ದರೂ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ ಎಂದು ವೈದ್ಯರು ಅವರಿಗೆ ಎರಡು ಸಲ ಹೇಳಬೇಕಾಯಿತು.

ನಾನು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತೇನೆ. ಗಂಟೆಗೆ ಇಷ್ಟು ಪೀಸ್ ಎಂಬ ಲೆಕ್ಕ ಮೊದಲ ಗಂಟೆಗೂ ಒಂದೇ, ಕೊನೆಯ ಗಂಟೆಗೂ ಒಂದೇ. ನನ್ನ ಮೊದಲ ಎರಡು ಗಂಟೆಯಲ್ಲಿ ಬಾಕಿ ಬೀಳುತ್ತದೆ, ಊಟದ ನಂತರ ನಾನು ಅದನ್ನು ತೀರಿಸಿ ಮೇಲೆ ಹತ್ತು ಪೀಸ್ ಹಾಕುತ್ತೇನೆ. ಆದರೆ ಬೈಗುಳ ಬರುವುದು ಹತ್ತು ಗಂಟೆಗೆ ಹಲಗೆಯ ಮೇಲಿನ ಲೆಕ್ಕ ನೋಡಿ. ನಮಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇದೆ, ಅದಕ್ಕೆ ನಾನು ಋಣಿ. ಕಾಯಿಲೆ ಬಿದ್ದು ಗೈರಾದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಕೊಡುತ್ತಾರೆ. ಆದರೆ ಅದಕ್ಕೆ ನಾನು ಕೆಲಸಕ್ಕೆ ಬಂದಿರಬಾರದು. ಬಂದು, ಎರಡು ಗಂಟೆ ನಿಧಾನವಾಗಿದ್ದು, ಆಮೇಲೆ ಚುರುಕಾಗುವವಳಿಗೆ ಯಾವ ಫಾರಂ ಇದೆ? ಲೈನ್ ಸೂಪರ್‌ವೈಸರ್‌ಗೆ ಲೆಕ್ಕವನ್ನು ಸಂಜೆ ನೋಡಿ ಎಂದು ಹೇಳಿದ್ದೇನೆ. ಅವರೂ ಮೇಲಿನವರಿಗೆ ಗಂಟೆಗಂಟೆಗೆ ಲೆಕ್ಕ ಕೊಡಬೇಕಂತೆ.

ಕಡತ

ನಾನು ಮಾನವ ಸಂಪನ್ಮೂಲ ವಿಭಾಗದಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವನು, ಆದ್ದರಿಂದ ಇಲ್ಲಿ ಬಯ್ಯಿಸಿಕೊಳ್ಳಲು ಸಿದ್ಧನಾಗಿಯೇ ಬರೆಯುತ್ತಿದ್ದೇನೆ.

ಗೇರು ಐದು ಅವರೇ, ಮೊದಲು ನಿಮಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ನಿನ 4ನೇ ಉಪವಿಧಿಯ ಪ್ರಕಾರ, ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಈಗಿನ ಹುದ್ದೆಗೆ ಅವರು ತಕ್ಕವರಲ್ಲ ಎಂದಾದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಹಾಕಬೇಕು. ಅದೂ ಇಲ್ಲದಿದ್ದರೆ ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಇದಕ್ಕೆ ಮೊದಲಿನ 1995ರ ಕಾಯ್ದೆಯಲ್ಲೂ 47ನೇ ಸೆಕ್ಷನ್ ಇದೇ ಮಾತನ್ನು ಹೇಳಿತ್ತು. ಕಾಗದದಲ್ಲಿರುವುದೆಲ್ಲ ಡಿಪೋವರೆಗೆ ತಲುಪಿದೆ ಎಂದು ನಾನು ಹೇಳಲಾರೆ. ಬಾಯಿ ಬಿಡುವ ಮೊದಲು ನಿಮ್ಮ ಸಂಘದ ವಕೀಲರನ್ನು ಕಾಣಿರಿ.

ಖಾಸಗಿಯವರ ವಿಷಯ ಮೆತ್ತಗಿದೆ. ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆಯ ವ್ಯಾಖ್ಯೆಯಲ್ಲಿದೆ. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, 20ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವಲ್ಲಿ ಸಂಪರ್ಕಾಧಿಕಾರಿಯೊಬ್ಬರು ಇರಬೇಕು. ನಿಮ್ಮ ಕಂಪನಿಯ ಜಾಲತಾಣದ ಅಡಿಭಾಗದಲ್ಲಿ ಹುಡುಕಿ, ಆ ನೀತಿ ಅಲ್ಲೇ ಮಲಗಿರುತ್ತದೆ.

ಇನ್ನು ಪ್ರಮಾಣಪತ್ರ. ಮೀಸಲಾತಿಯಂಥ ಸವಲತ್ತುಗಳಿಗೆ 40 ಪ್ರತಿಶತ ವೈಕಲ್ಯ ಬೇಕು. ನನ್ನ ಸಹೋದ್ಯೋಗಿಯೊಬ್ಬರು ಇದೇ ಕಾಯಿಲೆಗೆ ವೈದ್ಯಕೀಯ ಮಂಡಳಿಯ ಮುಂದೆ ಹೋದರು. ಬೆಳಿಗ್ಗೆ ಎಂಟಕ್ಕೆ ಟೋಕನ್ ಪಡೆದು, ಆ ಕೊಠಡಿಯಿಂದ ಈ ಕೊಠಡಿಗೆ ಅಲೆದು, ಮಧ್ಯಾಹ್ನ ಒಂದಕ್ಕೆ ಒಳಗೆ ಹೋಗುವಷ್ಟರಲ್ಲಿ ಬೆನ್ನು ಚೆನ್ನಾಗಿ ಸಡಿಲಗೊಂಡಿತ್ತು. ಬಗ್ಗಿ ಎಂದರು, ಬಗ್ಗಿದರು. ಕಚೇರಿಗೆ ಕಾಣದ ಬೆಳಗು ಮಂಡಳಿಗೂ ಕಾಣಲಿಲ್ಲ.

ಕೆಲಸ ಬದಲಿಸುವವರು ವಿಮೆಯನ್ನು ಮರೆಯಬೇಡಿ. ಕಂಪನಿಗಳ ಗುಂಪು ವಿಮೆ ಬಹಳಷ್ಟು ಕಡೆ ಮೊದಲ ದಿನದಿಂದಲೇ ಹಳೆಯ ಕಾಯಿಲೆಯನ್ನು ಒಪ್ಪುತ್ತದೆ. ಸ್ವಂತ ಪಾಲಿಸಿಯಲ್ಲಿ ಕಾಯಬೇಕಾದ ಗರಿಷ್ಠ ಅವಧಿಯನ್ನು 2024ರ ಏಪ್ರಿಲ್‌ನಿಂದ 48 ತಿಂಗಳಿಂದ 36ಕ್ಕೆ ಇಳಿಸಿದ್ದಾರೆ, ಆದರೂ ಮೂರು ವರ್ಷ ಮೂರು ವರ್ಷವೇ. ವಿಮೆಗಾಗಿಯೇ ಇಷ್ಟವಿಲ್ಲದ ಕೆಲಸದಲ್ಲಿ ಉಳಿದವರನ್ನು ನಾನು ಬಲ್ಲೆ.

ಐಸ್ ಡಬ್ಬಿ (ಹುಬ್ಬಳ್ಳಿ)

ವಿಮೆಯ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ನಾನು ಔಷಧಿ ಕಂಪನಿಯೊಂದರ ಮಾರಾಟ ಪ್ರತಿನಿಧಿ, ತಿಂಗಳಲ್ಲಿ ಹನ್ನೆರಡು ದಿನ ಹೊರಗೆ. ನೋವಿನ ಮಾತ್ರೆಗಳು ಸಾಲದೆ ಹೋದಾಗ ಅಡಾಲಿಮುಮ್ಯಾಬ್ ಎಂಬ, ಉರಿಯೂತ ತಗ್ಗಿಸುವ ಚುಚ್ಚುಮದ್ದು ಶುರು ಮಾಡಿದರು, ಹದಿನೈದು ದಿನಕ್ಕೊಮ್ಮೆ 40 ಮಿಲಿಗ್ರಾಂ. 2014ರ ಕೊನೆಯಲ್ಲಿ ಇದರ ತದ್ರೂಪಿ ಭಾರತದಲ್ಲೇ ತಯಾರಾಗಿ ಬಂದದ್ದರಿಂದ ನಮ್ಮಂಥವರಿಗೆ ಕೈಗೆಟಕುವ ಮಾತಾಯಿತು, ಕೈಗೆಟಕಿತು ಎನ್ನಲಾರೆ. ಸುಪ್ತ ಕ್ಷಯವಿದ್ದರೆ ಅದು ಎದ್ದೇಳಬಹುದು ಎಂದು ಮೊದಲು ಅದರ ಪರೀಕ್ಷೆ ಮಾಡಿಸಿದರು. ಸಿರಿಂಜನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ರಾತ್ರಿ ಬಸ್ಸಿನಲ್ಲಿ ಬಳ್ಳಾರಿಗೆ ಹೋಗುವಾಗ ಮಡಿಲಲ್ಲಿ ಐಸ್ ಡಬ್ಬಿ ಇಟ್ಟುಕೊಂಡಿರುತ್ತೇನೆ, ಲಾಡ್ಜಿನವರ ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ ಪಕ್ಕ ಜಾಗ ಬೇಡುತ್ತೇನೆ. ಮದ್ದು ನನಗೆ ಹಿಡಿಸಿದೆ. ಮೂರು ತಿಂಗಳಲ್ಲಿ ಬೆಳಗಿನ ಬಿಗಿತ ಎರಡು ಗಂಟೆಯಿಂದ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಎಲ್ಲರಿಗೂ ಹೀಗಾಗುವುದಿಲ್ಲ.

ಹೊರನಾಡಿಗ (ಸ್ಟುಟ್‌ಗಾರ್ಟ್)

ಜರ್ಮನಿಯಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದೇನೆ, ಊರು ತಿಪಟೂರು. ಕಳೆದ ವರ್ಷ ಕಾಯಿಲೆ ಕೆರಳಿ ಎಂಟು ವಾರ ಕೆಲಸಕ್ಕೆ ಹೋಗಲಾಗಲಿಲ್ಲ. ಮೊದಲ ಆರು ವಾರ ಕಂಪನಿಯೇ ಪೂರ್ತಿ ಸಂಬಳ ಕೊಟ್ಟಿತು, ಆಮೇಲೆ ಆರೋಗ್ಯ ವಿಮೆಯವರು ಅದಕ್ಕಿಂತ ಕಡಿಮೆ ಮೊತ್ತ ಕೊಟ್ಟರು. ನನಗೆ ಬೆರಗಾದದ್ದು ಮರಳುವ ಕ್ರಮ. ವೈದ್ಯರು ಮೊದಲ ವಾರಗಳಿಗೆ ದಿನಕ್ಕೆ ಎರಡು ಗಂಟೆ, ಆಮೇಲೆ ನಾಲ್ಕು, ಆಮೇಲೆ ಆರು ಎಂದು ಒಂದು ಪಟ್ಟಿ ಬರೆದುಕೊಟ್ಟರು. ಹ್ಯಾಂಬರ್ಗ್ ಮಾದರಿ ಎನ್ನುತ್ತಾರೆ. ಬಾಬಿನ್ ಅವರು ಕೇಳಿದ, ಹಾಜರಿಗೂ ಗೈರಿಗೂ ನಡುವಿನ ಫಾರಂ ಇದೇ ಇರಬೇಕು.

ಇಲ್ಲಿ ಸ್ವರ್ಗವಿದೆ ಎಂದಲ್ಲ. ನೂರರವರೆಗಿನ ಅಳತೆಯಲ್ಲಿ ವೈಕಲ್ಯದ ದರ್ಜೆ 50 ಮುಟ್ಟಿದರೆ ವರ್ಷಕ್ಕೆ ಐದು ದಿನ ಹೆಚ್ಚುವರಿ ರಜೆ ಸಿಗುತ್ತದೆ. ನನಗೆ 30 ಕೊಟ್ಟಿದ್ದಾರೆ. ಕಂಪನಿಗೆ ಆ ಕಾಗದವನ್ನು ತೋರಿಸಬೇಕೇ ಬೇಡವೇ ಎಂದು ನಾನೂ ಹೆಂಡತಿಯೂ ಒಂದು ವಾರ ಚರ್ಚಿಸಿದೆವು. ಆ ಹಿಂಜರಿಕೆಗೆ ಹಾವೇರಿಯೂ ಒಂದೇ, ಸ್ಟುಟ್‌ಗಾರ್ಟೂ ಒಂದೇ.

ಎಂಟನೇ ಮಹಡಿ

ಐದು ವಾರದ ನಂತರ ಮರಳಿ ಬರೆಯುತ್ತಿದ್ದೇನೆ. ಅಳತೆಪಟ್ಟಿಯವರ ಮಾತು ಹಿಡಿದು, ಎರಡು ವಾರ ದಿನಾಲೂ ಬೆಳಿಗ್ಗೆ ಏಳಕ್ಕೆ ಮತ್ತು ಹನ್ನೊಂದಕ್ಕೆ ಗೋಡೆಗೆ ಹಿಮ್ಮಡಿ ಒತ್ತಿ ನಿಂತು, ತಲೆಯ ಹಿಂಭಾಗಕ್ಕೂ ಗೋಡೆಗೂ ಇರುವ ಅಂತರವನ್ನು ಹೆಂಡತಿಯಿಂದ ಅಳೆಸಿ ಬರೆದಿಟ್ಟೆ. ಆ ಹಾಳೆಯನ್ನು ಪತ್ರದ ಜೊತೆ ಲಗತ್ತಿಸಿದೆ. ಮ್ಯಾನೇಜರ್ ಅದನ್ನು ಬಹಳ ಹೊತ್ತು ನೋಡಿದರು. ನೋವು ಎಂದಾಗ ರಜೆ ಎಂದವರು, ಸೆಂಟಿಮೀಟರ್ ನೋಡಿದಾಗ ಸಭೆಯನ್ನು ಎಷ್ಟಕ್ಕೆ ಇಡೋಣ ಎಂದು ಕೇಳಿದರು. ಈಗ ಸಭೆ 11.15ಕ್ಕೆ. ವಾರದಲ್ಲಿ ಎರಡು ದಿನ ಮನೆಯಿಂದ. ಹಾಗಾದರೆ ನಾನೂ ತಡವಾಗಿ ಬರಬಹುದೇ ಎಂದು ಸಹೋದ್ಯೋಗಿಯೊಬ್ಬ ಎಲ್ಲರೆದುರು ಕೇಳಿದ. ಅದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ, ಮ್ಯಾನೇಜರ್ ಕೂಡ ನಕ್ಕು ಸುಮ್ಮನಾದರು. ಕುರ್ಚಿಯನ್ನು ಗರ್ಭಿಣಿಯಾಗಿರುವ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ.

ಹಲವರು ಪತ್ರ ಕೇಳಿದ್ದರಿಂದ ಅದರ ಮುಖ್ಯ ಭಾಗ ಇಲ್ಲಿದೆ: "ನನಗಿರುವ ಕಾಯಿಲೆಯಲ್ಲಿ ಬೆನ್ನುಮೂಳೆಯ ಬಿಗಿತ ಬೆಳಿಗ್ಗೆ ಅತಿ ಹೆಚ್ಚಾಗಿದ್ದು, ಚಲನೆಯಿಂದ ಕಡಿಮೆಯಾಗುತ್ತದೆ. ನನ್ನ ಕೆಲಸದ ಒಟ್ಟು ಅವಧಿಯನ್ನು ಕಡಿಮೆ ಮಾಡಬೇಕೆಂದು ನಾನು ಕೋರುತ್ತಿಲ್ಲ. ಅದು ಎರಡು ಗಂಟೆ ತಡವಾಗಿ ಆರಂಭವಾಗಿ ಎರಡು ಗಂಟೆ ತಡವಾಗಿ ಮುಗಿಯಲಿ ಎಂದೂ, ಸಭೆಗಳಲ್ಲಿ ನಿಂತಿರಲು ಅವಕಾಶವಿರಲಿ ಎಂದೂ ಕೋರುತ್ತೇನೆ. ಆರು ವಾರ ಪ್ರಯೋಗಿಸಿ, ನನ್ನ ಕೆಲಸದ ಪ್ರಮಾಣವನ್ನು ನೋಡಿ ನಿರ್ಧರಿಸಬಹುದು."

ಬಾಬಿನ್

ಕೊನೆಯ ಸಾಲನ್ನು ನಾನು ತೆಗೆದುಕೊಂಡೆ. ಆರು ವಾರದ ಬದಲು ಒಂದು ವಾರ ಎಂದು ಬರೆದಿದ್ದೇನೆ, ನಮ್ಮಲ್ಲಿ ಆರು ವಾರ ಯಾರೂ ಕಾಯುವುದಿಲ್ಲ.

ಗೇರು ಐದು

ಸಂಘದ ವಕೀಲರನ್ನು ಕಂಡೆ. ವೈದ್ಯರ ಚೀಟಿ, ಎಂಆರ್‌ಐ ವರದಿ ಎರಡರ ನಕಲನ್ನೂ ಅವರ ಬಳಿ ಬಿಟ್ಟು ಬಂದಿದ್ದೇನೆ. ಪತ್ರದಲ್ಲಿ ಸಭೆ ಎಂದಿರುವಲ್ಲಿ ಮೊದಲ ಪಾಳಿ ಎಂದು ಬದಲಿಸಿದ್ದೇವೆ. ನಿಂತಿರಲು ಅವಕಾಶ ಎಂಬುದನ್ನು ಹೊಡೆದು ಹಾಕಿದ್ದೇವೆ, ನಾನು ನಿಂತರೆ ಬಸ್ಸೂ ನಿಲ್ಲುತ್ತದೆ. ಸೋಮವಾರ ಡಿಪೋದಲ್ಲಿ ಕೊಡುತ್ತೇನೆ.